ಕೊನೆಯ ವಾರ್ಡಿನ ಬೇಡಿಕೆ

ಪುರಸಭೆಯ ಪಟ್ಟಿಯಲ್ಲಿ ಕಡೆಗಿದ್ದ ಬೇಡಿಕೆ ಮೊದಲಿಗೆ ಹೇಗೆ ಬಂತು, ಊಹಿಸಿ ನೋಡೋಣ! ಹಾಸನದ ಬಸ್ಸಿಗೆ ಇನ್ನೂ ಹೊತ್ತಿತ್ತು ಅಂತ ನಾನೂ ಪುರಸಭೆ ಕರೆದಿದ್ದ ಸಾರ್ವಜನಿಕ ಸಭೆಯಲ್ಲಿ ಹೋಗಿ ಕೂತಿದ್ದೆ. ಯಾವ ಯಾವ ಕಾನೂನು ಬೇಕೆಂದು ಸರ್ಕಾರಕ್ಕೆ ಬರೆಯೋ ಚರ್ಚೆ. ಪಟ್ಟಿ ಮಾಡಿದ್ದು ವಾರ್ಡ್ ನಂಬರಿನ ಪ್ರಕಾರ. ಪ್ರತಿ ಮಾರುಕಟ್ಟೆಗೂ ಹೆಂಗಸರ ಶೌಚಾಲಯ ಕಡ್ಡಾಯವಾಗಲಿ ಎಂಬುದು ಕೊನೆಯ ವಾರ್ಡಿನದು.

"ಮೊದಲ ಮೂರು ಕಳಿಸಿದ್ರೆ ಸಾಕು," ಎಂದರು ಅಧ್ಯಕ್ಷರು.

ಆ ವಾರ್ಡಿನ ಮಾರುಕಟ್ಟೆಯಲ್ಲಿ ಹೂ ಮಾರುವ ಜಯಮ್ಮ ಎದ್ದರು. "ಅವಸರ ಅನ್ನೋದು ವಾರ್ಡ್ ನಂಬ್ರು ನೋಡ್ಕಂಡ್ ಬತ್ತದಾ ಸಾ? ಬೆಳಗ್ಗಿಂದ ನೀರೇ ಕುಡಿಯಾಕಿಲ್ಲ ನಾವು. ಇದ್ನ ಮೊದ್ಲು ಬರೀರಿ, ಅಲ್ಲೀಗಂಟ ಓಗಾಕಿಲ್ಲ!"

ಅಧ್ಯಕ್ಷರು ಗಡಿಯಾರ ನೋಡಿದರು. ಆಕೆ ಅಲ್ಲೇ ನೆಲದ ಮೇಲೆ ಕೂತರು. ಬಸ್ಸು ಹೋದರೆ ಹೋಗಲಿ ಅಂತ ನಾನೂ ಪಕ್ಕದಲ್ಲೇ ಕೂತೆ. ಕೊನೆಗೆ ಪಟ್ಟಿ ತಿದ್ದಿದರು. ಜಯಮ್ಮ ಅಂಗಡಿ ಮುಚ್ಚಿ ಬಂದಿದ್ದು ಯಾವತ್ತು ಅಂತೀರಿ? ಹೂವಿಗೆ ಜನ ಮುಗಿಬೀಳುವ ಗೌರಿಹಬ್ಬದ ಹಿಂದಿನ ದಿನ!