ಚಾಚಾ ಹಚ್ಚಿದ ಬಲ್ಬ್

ನೇಸರಗಿಯ ಗಾಡಿ ವೈರಿಂಗ್ ಮಾಡೂ ಚಾಚಾನ ಬಾಯಾಗ ಯಾವಾಗ್ಲೂ ಒಂದ ಮಾತು: “ಫ್ಯೂಸಿಗೆ ಬೈಬ್ಯಾಡ್ರಿ, ಅದು ನಿಮ್ಮನ್ನ ಕಾಯತೈತಿ.”

ಹತ್ತಕ್ಕ ಬೈಲಹೊಂಗಲದಾಗ ನನ್ನ ಮಗಳ ಪರೀಕ್ಷಾ. ಒಂಬತ್ತಕ್ಕ ಮೂರನೇ ಫ್ಯೂಸೂ ಸುಟ್ಟು, ನಮ್ಮ ಕಾರು ಚಾಚಾನ ಅಂಗಡಿ ಮುಂದ ನಿಂತಿತು.

“ಫ್ಯೂಸ್ ಬದ್ಲಿ ತಂತಿ ಹಾಕಿಬಿಡ್ರಿ ಚಾಚಾ!”

“ಗಾಡಿ ಸುಡತೈತಿ. ಒಳಗ ಮಗಳು ಕುಂತಾಳಲ್ಲ?”

ಚಾಳೀಸು ಮೂಗಿಗೇರಿಸಿ, ಫ್ಯೂಸಿನ ಜಾಗಾಕ್ಕ ಬಲ್ಬ್ ಹಚ್ಚಿದ್ರು. “ಶಾರ್ಟ್ ಇರೂತನಕ ಇದು ಉರೀತೈತಿ. ಯಾವ ವೈರ್ ಅಲುಗಿಸಿದಾಗ ಆರತೈತೋ, ಅಲ್ಲೇ ಶಾರ್ಟ್ ಐತಿ.”

ಒಂಬತ್ತೂವರಿ ಆತು. ಬಲ್ಬ್ ಆರವಲ್ದು. ಮಗಳು ಅಳಾಕ ಹತ್ತಿದ್ಲು.

ಬಂಪರ್ ಹಿಂದ ಕೈ ಹಾಕಿದ್ರು, ಆರಿತು! ದೃಷ್ಟಿ ಆಗಬಾರದಂತ ಅಮಾಸಿಗೆ ನಾನೇ ಕಟ್ಟಿದ್ದ ನಿಂಬಿಹಣ್ಣು-ಮೆಣಸಿನಕಾಯಿ. ಅದರ ಕಬ್ಬಿಣದ ತಂತಿ ವೈರ್ ಕೊರದಿತ್ತು. ಭಾಳ ಶ್ಯಾಣ್ಯಾ ನಾನು!

ಚಾಚಾ ನಗಲಿಲ್ಲ. ವೈರಿಗೆ ಟೇಪ್ ಸುತ್ತಿ, ಬಲ್ಬ್ ತಗದು ಹೊಸಾ ಫ್ಯೂಸ್ ಹಾಕಿದ್ರು. ನಿಂಬಿಹಣ್ಣು ಒಗೀಲಿಲ್ಲ, ನೂಲಿನಿಂದ ವಾಪಸ್ ಕಟ್ಟಿದ್ರು.

“ಇವತ್ತ ಇದೂ ಇರ್ಲಿ. ಹೋಗವ್ವಾ, ಚಂದಂಗ ಬರಿ.”

ಪರೀಕ್ಷಾ ಸೆಂಟರಿನ ಗೇಟ್ ಹಾಕೂಕಿಂತ ಮುಂಚೆ ಮಗಳು ಒಳಗ ಓಡಿದ್ಲು.