ಹೋಲಿಕೆಗೊಂದು ಬೊಗಸೆ ಮಣ್ಣು

ರೊಟ್ಟಿಯ ಜೊತೆ ಹಸಿ ಮೆಂತೆ ಸೊಪ್ಪು ತಿನ್ನುವಾಗ ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡುವ ದುರಭ್ಯಾಸವೊಂದು ನನಗಿದೆ. ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ವೃತ್ತಿ ಬಿಟ್ಟರೂ ವೃತ್ತಿಯ ಚಾಳಿ ಬಿಡುವುದಿಲ್ಲವಷ್ಟೇ. “ಪರೀಕ್ಷಾ ಮುಗದು ಭಾಳ ದಿನಾ ಆತು, ಇನ್ನರ ಬಾಯಾಗ ಇಟ್ಕೋರಿ” ಎಂದು ಹೆಂಡತಿ ಗದರುತ್ತಾಳೆ. ಎಲೆಯೊಳಗೆ ಬಿಸಿಲು ಅನ್ನವಾಗುವ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎಂಬ, ಉಚ್ಚರಿಸಿ ಮುಗಿಸುವಷ್ಟರಲ್ಲಿ ಹಸಿವಾಗುವ ಹೆಸರಿದೆ. ಅದನ್ನು ಕಾಗುಣಿತ ತಪ್ಪದೆ ಬರೆಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಬಿಸಿಲೂ ಮಣ್ಣೂ ಇರುವವರೆಗೆ ಎಲೆಗೆ ಹಸಿರಿನ ಬರವಿಲ್ಲವೆಂದು ನಾನು ನಂಬಿದ್ದೆ, ಪಾಪ, ಮಕ್ಕಳನ್ನೂ ನಂಬಿಸಿದ್ದೆ.

ಆ ನಂಬಿಕೆಯನ್ನು ಅಲುಗಾಡಿಸಿದವಳು ನನ್ನ ತಂಗಿಯ ಮಗಳು ಗಿರಿಜಾ. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ರಾಸಾಯನಿಕ ಮಣ್ಣಿಗಿಳಿದರೆ ಸಸಿಯ ಗತಿ ಏನೆಂದು ಆಕೆ ಮೂರು ವರ್ಷದಿಂದ ಸಂಶೋಧನೆ ನಡೆಸಿದ್ದಾಳೆ. ಮೆಂತೆಯ ಕುಂಡಗಳಿಗೆ ಅದನ್ನು ಅಳೆದು ಹಾಕುತ್ತಾಳೆ. ಬೇರು ಮೊಟಕಾಗುತ್ತದೆ, ಪತ್ರಹರಿತ್ತು ಕುಂದುತ್ತದೆ, ಎಲೆ ಕಾಮಾಲೆಯಾದ ಕೂಸಿನಂತೆ ಹಳದಿ ಮುಖ ಮಾಡಿಕೊಂಡು ಬಿಸಿಲಿನಲ್ಲೇ ಉಪವಾಸ ಕೂರುತ್ತದೆ. ಆದರೆ ಇದನ್ನು ಸಾಧಿಸಿ ತೋರಿಸಲು ಪಕ್ಕದಲ್ಲಿ ವಿಷ ಸೋಕದ ಮಣ್ಣಿನ ಕುಂಡವೊಂದು ಹೋಲಿಕೆಗೆ ಬೇಕಲ್ಲ! ಧಾರವಾಡದಲ್ಲಿ ಎಲ್ಲಿಯ ಮಣ್ಣು ತಂದು ಪರೀಕ್ಷಿಸಿದರೂ ಆಕೆ ಬೆರೆಸುವ ಮೊದಲೇ ಆ ರಾಸಾಯನಿಕ ಅಲ್ಲಿ ಬಂದು ಕೂತಿರುತ್ತಿತ್ತು. ಹೋಲಿಕೆಯ ಕುಂಡವಿಲ್ಲದಿದ್ದರೆ ಮೂರು ವರ್ಷದ ದುಡಿಮೆ ಮಣ್ಣುಪಾಲು. “ಮಾಮಾ, ಒಂದ್ ಬೊಗಸಿ ಸ್ವಚ್ಛ ಮಣ್ಣ ಸಿಗೂದಿಲ್ಲೇನು ಎಲ್ಲೂ?” ಎಂದು ಒಂದು ದಿನ ಅತ್ತೇಬಿಟ್ಟಳು.

ನಾನು ನಕ್ಕೆ. ಉಪ್ಪಿನಬೆಟಗೇರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಬಸವಣ್ಣೆಪ್ಪನ ಎರೆಹೊಲವಿದೆ. ಪದವಿ ಮುಗಿಸಿ ನೇಗಿಲು ಹಿಡಿದ ಆ ಪುಣ್ಯಾತ್ಮ ಇಂದಿಗೂ ರಾಸಾಯನಿಕ ಗೊಬ್ಬರ ಮುಟ್ಟಿದವನಲ್ಲ. ಅಲ್ಲಿಗೇ ಅವಳನ್ನು ಕರೆದೊಯ್ದೆ. ಹೊಲದ ಬದುವಿನಲ್ಲೇ ಗಿರಿಜಾ ನನ್ನಿಂದ ಚಪ್ಪಲಿ, ಪೆನ್ನು, ಗಡಿಯಾರ, ಕನ್ನಡಕಗಳನ್ನು ಅವುಗಳ ಪ್ಲಾಸ್ಟಿಕ್ಕು ಮಣ್ಣಿಗೆ ಸೋಕೀತೆಂದು ಕಳಚಿಸಿ, ಕಟ್ಟಿಸಿದ ಹಲ್ಲನ್ನು ಮಾತ್ರ ದಾಕ್ಷಿಣ್ಯಕ್ಕೆ ಬಿಟ್ಟಳು. ಅರೆಗುರುಡನಾಗಿ, ಬರಿಗಾಲಲ್ಲಿ ಎಡವುತ್ತ ನಾನು ನಡೆದ ಗಾಂಭೀರ್ಯವನ್ನು ಎತ್ತುಗಳೂ ಮೇವು ಬಿಟ್ಟು ನೋಡಿದವು. ಬಸವಣ್ಣೆಪ್ಪ ಮೊಣಕಾಲುದ್ದ ಅಗೆದು, ಹಿತ್ತಾಳೆಯ ಕೊಡ ತುಂಬಿಸಿ ಕೊಟ್ಟ. “ಬಂಗಾರದಂಥಾ ಮಣ್ಣು, ಒಯ್ಯವ್ವಾ ತಂಗಿ” ಎಂದ. ನಾನು ಹೆತ್ತವನಂತೆ ಬೀಗಿದೆ.

ಪರೀಕ್ಷೆಯ ಫಲಿತಾಂಶ ಬಂದಾಗ ಆ ಮಣ್ಣಿನಲ್ಲಿ ವಿಷ ನಮ್ಮ ಧಾರವಾಡದ ಮಣ್ಣಿಗಿಂತ ಹೆಚ್ಚೇ ಇತ್ತು. ಯಂತ್ರ ಕೆಟ್ಟಿರಬೇಕೆಂದು ವಾದಿಸಿದೆ. ಗಿರಿಜಾ ಮೆಲ್ಲಗೆ, “ಗೊಬ್ಬರ ಏನ್ ಹಾಕ್ತಾರ ಮಾಮಾ ಅವರು?” ಎಂದಳು. ಉತ್ತರ ನನಗೆ ಗೊತ್ತಿತ್ತು. ಹುಬ್ಬಳ್ಳಿಯ ಕಸ ಕೊಳೆತು ಆದ ಗೊಬ್ಬರವನ್ನು ಟ್ರ್ಯಾಕ್ಟರ್‌ಗಟ್ಟಲೆ ಹೊಲಕ್ಕೆ ಹೊಡೆಯುವುದು ನಮ್ಮ ಸೀಮೆಯ ಹಳೆಯ ರೂಢಿ. ಕಸದಲ್ಲಿ ಬಾಳೆಲೆ, ಸಗಣಿ, ಸಿಪ್ಪೆಗಳಿದ್ದ ಕಾಲದ ರೂಢಿ ಅದು. ಪ್ಲಾಸ್ಟಿಕ್ ಚೀಲ, ಪಾಕೀಟುಗಳು ತುಂಬಿದ ಮೇಲೂ ಹಾಗೆಯೇ ನಡೆಯಿತು. ಅಂಥ ಕಾಲದಲ್ಲೇ ಬಸವಣ್ಣೆಪ್ಪ ಅನುಮಾನಿಸಿ ನನ್ನ ಬಳಿ ಕೇಳಲು ಬಂದಿದ್ದ. “ಚೂರುಪಾರು ಇದ್ರ ಇರಲಿ, ಭೂಮಿತಾಯಿ ಎಲ್ಲಾ ಅರಗಿಸ್ಕೋತಾಳ” ಎಂದು ಸಲಹೆ ಕೊಟ್ಟವನು, ಓದುಗ ಮಹಾಶಯರೇ, ನಾನೇ. ಗಿರಿಜಾ ತನ್ನ ಪ್ರಬಂಧದಲ್ಲಿ ‘ವಿಷರಹಿತ ಮಣ್ಣು’ ಎಂದಿದ್ದಲ್ಲೆಲ್ಲ ಗೀಟು ಹೊಡೆದು ‘ವಿಷ ಕಡಿಮೆ ಇರುವ ಮಣ್ಣು’ ಎಂದು ತಿದ್ದಿದಳು. ಹೋಲಿಸಲು ನಿರ್ಮಲವಾದದ್ದೇ ಉಳಿಯದಿದ್ದರೆ, ಹಾಳಾದದ್ದು ಎಷ್ಟೆಂದು ಮುಂದಿನವರಿಗೆ ತಿಳಿಯುವುದಾದರೂ ಹೇಗೆ? ಈ ಪ್ರಶ್ನೆ ನನ್ನನ್ನು ಇಂದಿಗೂ ತಿನ್ನುತ್ತಿದೆ.

ಕೊಡ ಹಿಂದಿರುಗಿಸುವ ನೆವದಲ್ಲಿ ಹೋಗಿ ಬಸವಣ್ಣೆಪ್ಪನಿಗೆ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಅವನು ಒಂದು ಹೆಂಟೆಯನ್ನು ಅಂಗೈಯಲ್ಲಿ ಪುಡಿ ಮಾಡುತ್ತ ಕುಕ್ಕರಗಾಲಲ್ಲಿ ಕೂತಿದ್ದ. “ನೀವು ಹೇಳಿದ್ದಕ್ಕ ಹಾಕಿದ್ನಿ, ಖರೇ. ಆದ್ರ ಆ ವರ್ಷ ಜ್ವಾಳ ಆಳೆತ್ತರ ಬಂದಿತ್ತಲ್ರೀ ಸರ” ಎಂದು ನನ್ನನ್ನೇ ಸಮಾಧಾನ ಮಾಡಿದ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಮೇಲೆ ಎದ್ದು, ಕೈ ಕೊಡವಿ, ತರಗತಿಯಲ್ಲಿ ನಿಲ್ಲುತ್ತಿದ್ದಂತೆಯೇ ನನ್ನೆದುರು ನಿಂತ.

“ಹಂಗಾರ ಇದನ್ನ ಮಣ್ಣಿನಿಂದ ತಗಿಯೂದು ಹೆಂಗ್ರೀ ಸರ? ನೀವು ಹೇಳ್ರಿ, ನಾಳಿಂದನ ಮಾಡತೇನಿ.”

ಅಂದು ಗೊತ್ತಿಲ್ಲದೆಯೂ ಉತ್ತರ ಕೊಟ್ಟಿದ್ದೆ. ಇಂದು ಕೊಡವನ್ನು ಅವನ ಕೈಗಿಟ್ಟು, “ನೋಡೂಣಪಾ” ಎಂದೆ. ಅದನ್ನೂ ಅವನು ತಲೆಯಾಡಿಸಿ ನಂಬಿದ.