ರೊಟ್ಟಿ ಸಿಗದ ಬೀಗಿತ್ತಿ

ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲ. ಹೊಸೂರಿನ ಹತ್ತಿರದ ಸಾನಮಾವು ಕಾಡಿನ ಪಕ್ಕದ ನಮ್ಮ ಹಟ್ಟಿಯಲ್ಲಿ ಲೂಥರನ್ ಸಭೆಯವರದೊಂದು ಸಣ್ಣ ದೇವಾಲಯವಿತ್ತು. ಹುಲ್ಲಿನ ಮಾಡು, ಸಗಣಿ ಸಾರಿಸಿದ ನೆಲ. ಹಾಡು, ಪ್ರಾರ್ಥನೆ ತಮಿಳಿನಲ್ಲಿ, ಜಗಳ ಕನ್ನಡದಲ್ಲಿ.

ಸಭೆಯಲ್ಲಿ ಒಂದು ಕಟ್ಟಳೆಯಿತ್ತು. ಭಾನುವಾರ ಯೇಸುವಿನ ಹೆಸರಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನವಿದ್ದರೆ, ಅದನ್ನು ತಗೊಳ್ಳುವವರು ಶನಿವಾರ ಸಂಜೆಯೇ ಪಾದ್ರಿಯ ಮುಂದೆ ಹೋಗಿ ಹೇಳಬೇಕು. ಪಾದ್ರಿಯನ್ನು ನಾವು ಅಯ್ಯನೋರು ಎನ್ನುತ್ತಿದ್ದೆವು. ಅವರು ಎರಡು ಮಾತು ಕೇಳುವರು. ಆ ರೊಟ್ಟಿ ಏನು ಅಂತ ನಂಬಿದ್ದೀಯ? ಯಾರ ಜೊತೆಗಾದರೂ ಮಾತು ಬಿಟ್ಟಿದ್ದೀಯ? ಬಿಟ್ಟಿದ್ದರೆ ರಾಜಿಯಾಗಿ ಬರಬೇಕು. ಹಾಗಾಗಿ ಶನಿವಾರ ಸಂಜೆ ಮುನಿಸಿಕೊಂಡವರೆಲ್ಲ ಮುಖ ಗಂಟು ಹಾಕಿಕೊಂಡೇ ಒಬ್ಬರ ಮನೆಗೊಬ್ಬರು ಹೋಗುವರು. ಮಕ್ಕಳು ನಾವು ಇದನ್ನೇ ಆಟವಾಡುತ್ತಿದ್ದೆವು. ಒಬ್ಬಳು ಅಯ್ಯನೋರು. ಜಗಳ ಒಪ್ಪಿಕೊಳ್ಳದವಳಿಗೆ ರೊಟ್ಟಿಯ ಬದಲಿನ ಹುಣಸೆಹಣ್ಣು ಇಲ್ಲ.

ಆ ವರ್ಷ ಅವರೆಕಾಯಿ ಕಾಲಕ್ಕೆ ನಮ್ಮಕ್ಕ ರೂತಮ್ಮನಿಗೆ ಗಂಡು ಗೊತ್ತಾಯಿತು. ಹುಡುಗ ಚಿನ್ನದ ಗಣಿಯಲ್ಲಿ ಕೆಲಸದವನು. ಅವರೂ ಕ್ರಿಸ್ತನವರೇ, ಸಭೆ ಮಾತ್ರ ಬೇರೆ. ಬೇರೆ ಬೇರೆ ಸಭೆಗಳು ಸೇರಿ ಒಂದಾಗುವ ಮಾತು ನಡೆಯುತ್ತಿದ್ದ ಕಾಲ ಅದು. ಅವರದು ಸೇರುವುದಿತ್ತು, ನಮ್ಮದು ಇಲ್ಲ. ಹುಡುಗನ ತಾಯಿ ಸಾಲೋಮಮ್ಮ ಶನಿವಾರ ಕತ್ತಲಾದ ಮೇಲೆ ಬಂಡಿಯಲ್ಲಿ ಬಂದಿಳಿದಳು. ಭಾನುವಾರ ಮಧ್ಯಾಹ್ನ ಎಲೆ ಅಡಿಕೆ ಬದಲಾಯಿಸಿದರೆ ಮದುವೆ ಗಟ್ಟಿ. ಅವ್ವ ಅವರೆಕಾಳು ಹಿದುಕುತ್ತಾ ಕೂತಿದ್ದಳು, ಕೈಯೆಲ್ಲ ಸೊಗಡಿನ ವಾಸನೆ. ನಮ್ಮ ಕಟ್ಟಳೆಯನ್ನು ಬೀಗಿತ್ತಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮಗದು ಮುಖ ತೊಳೆದಷ್ಟು ರೂಢಿ.

ಬೆಳಿಗ್ಗೆ ಕರ್ತನ ಭೋಜನಕ್ಕೆ ಎಲ್ಲರ ಜೊತೆ ಸಾಲೋಮಮ್ಮನೂ ಮುಂದೆ ಹೋಗಿ ಮಂಡಿಯೂರಿದಳು. ಅಯ್ಯನೋರು ಅವ್ವನಿಗೆ ರೊಟ್ಟಿ ಕೊಟ್ಟರು. ಸಾಲೋಮಮ್ಮನ ತಲೆಯ ಮೇಲೆ ಕೈಯಿಟ್ಟು ಹರಸಿ, ರೊಟ್ಟಿ ಕೊಡದೆ ಆಚೆಯವಳಿಗೆ ಕೊಟ್ಟರು. ಸಾಲೋಮಮ್ಮ ಎದ್ದವಳೇ ಎಲ್ಲರ ಮುಂದೆ ದಡದಡ ನಡೆದು ಆಚೆಗೆ ಹೋದಳು.

ನಾವು ಮನೆಗೆ ಬರುವಷ್ಟರಲ್ಲಿ ಅವಳು ತನ್ನ ಗಂಟು ಕಟ್ಟಿಯಾಗಿತ್ತು.

"ಅಯ್ಯೋ ಅಕ್ಕಾ, ಕುಂತ್ಕೊಳಿ, ಹಿದುಕವರೆ ಸಾರು ಮಾಡಿವ್ನಿ" ಎಂದಳು ಅವ್ವ.

"ನಿನ್ ಸಾರ್ಗೆ ಬೆಂಕಿ ಬೀಳ! ಊರೋರು ಟೀ ಅಂಗ್ಡೀಲಿ ನಮ್ಗೆ ಬ್ಯಾರೆ ಲೋಟ ಮಡಗ್ತಾರೆ. ಯೇಸು ಮನೇಲೂ ಹಂಗೇನಾ? ಇಂಥಾ ಮನೆ ಹೆಣ್ಣು ನಂಗ್ ಬ್ಯಾಡ."

ಅವ್ವ ಅವಳ ಗಂಟು ಹಿಡಿದುಕೊಂಡಳು. ಟೀ ಅಂಗಡಿಯಲ್ಲಿ ನಮ್ಮ ಹಟ್ಟಿಯವರಿಗೂ ಬೇರೆ ಲೋಟವೇ. ಅಕ್ಕ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದಳು. ಹುಡುಗನನ್ನು ಹೊಸೂರು ಸಂತೆಯಲ್ಲಿ ನೋಡಿ ಬಂದಾಗಿನಿಂದ ಅವಳು ತಲೆ ಬಾಚುವುದೇ ಬಾಚುವುದು. ಆಚೆ ಬಂಡಿಗೆ ಎತ್ತು ಹೂಡುತ್ತಿದ್ದರು.

ಆಗ ಅಯ್ಯನೋರು ಬಂದರು. ಮೈಮೇಲಿನ ಬಿಳಿ ನಿಲುವಂಗಿಯನ್ನೂ ತೆಗೆದಿರಲಿಲ್ಲ. ನೆಲದ ಮೇಲೆ ಕೂತು, "ಬಂಡಿ ಹತ್ತೋಕ್ ಮುಂಚೆ ನಂಗೊಂದ್ ಮುದ್ದೆ ಇಕ್ಕಮ್ಮಾ" ಎಂದರು, ಸಾಲೋಮಮ್ಮನಿಗೆ.

"ನಾನಾ? ನನ್ ಕೈಲಿ ತಿಂತೀರಾ?"

"ನಿನ್ ಕೈಲೇ ಇಕ್ಕು."

ಅವಳು ತಣಿಗೆಗೆ ಮುದ್ದೆ ಹಾಕಿ, ಸಾರು ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈಗ್ ಹೇಳಿ. ಯಾಕ್ ಬಿಟ್ರಿ ನನ್ನ?"

"ಆ ರೊಟ್ಟಿ ಏನು ಅಂತೀಯಮ್ಮಾ ನೀನು?"

"ಕರ್ತನ ನೆನಪು. ಇನ್ನೇನು?"

"ನಾವು ಅದು ಆತನ ಮೈಯೇ ಅಂತೀವಿ. ನೆನಪು ಅನ್ನೋರ್ಗೆ ನಾನು ಮೈ ಅಂತ ಕೊಟ್ರೆ ನಂದೂ ಸುಳ್ಳು, ನಿಂದೂ ಸುಳ್ಳು. ಅದಕ್ಕೇ ಬೇರೆ ಸಭೆಗಳೆಲ್ಲ ಸೇರುದ್ರೂ ನಾವ್ ಸೇರ್ತಿಲ್ಲ. ಈ ಮುದ್ದೆ ನಿಮ್ಮಿಬ್ರುದು, ಯಾರಿಗ್ ಬೇಕಾದ್ರೂ ಇಕ್ಕಿ. ಆ ರೊಟ್ಟಿ ನಂದಲ್ಲಮ್ಮಾ, ನನ್ನಿಷ್ಟಕ್ ಕೊಡೋಕೆ."

"ದೊಡ್ಡೋರ್ ಬಂದಿದ್ರೆ ಕೊಡ್ತಿದ್ರಿ."

"ನಿಮ್ ಗಣಿ ದೊರೆ ಬಂದ್ ಮಂಡಿ ಊರುದ್ರೂ ಕೊಡ್ತಿರ್ಲಿಲ್ಲ."

ಸಾಲೋಮಮ್ಮ ಅವರ ಮುಖವನ್ನೇ ನೋಡಿದಳು. ಅಯ್ಯನೋರು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಅವಳಿಗೆ ನಗು ಬಂದುಬಿಟ್ಟಿತು. "ಗಣಿ ದೊರೆಗೂ ಇಲ್ವಂತೆ ಕಣೇ!" ಎಂದು ಅವ್ವನಿಗೆ ಹೇಳಿ ಇನ್ನೊಂದು ಸೌಟು ಸಾರು ಬಿಟ್ಟಳು.

"ಬೇಕಾದ್ರೆ ನಮ್ ಪಾಠ ಹೇಳ್ಕೊಡ್ತೀನಿ" ಎಂದರು ಅಯ್ಯನೋರು.

"ನಂಗ್ಯಾವ್ ಪಾಠಾನೂ ಬ್ಯಾಡ. ನಮ್ ಸಭೆ ನಮ್ಗೆ, ನಿಮ್ದು ನಿಮ್ಗೆ." ಆಮೇಲೆ ವಾಡೆಯ ಕಡೆ ತಿರುಗಿದಳು. "ಏನಮ್ಮೀ, ಅಲ್ಲೇನ್ ರಾಗಿ ಕಾಯ್ತಿದ್ದೀಯಾ? ಎಲೆ ಅಡಿಕೆ ತಟ್ಟೆ ತಕ್ಕಂಬಾ."

ಬಂಡಿಯ ಎತ್ತು ಬಿಚ್ಚಿದರು. ಅಕ್ಕ ಗಣಿಯ ಊರಿಗೆ ಹೋಗಿ ಚೆನ್ನಾಗಿಯೇ ಬಾಳಿದಳು. ಸಾಲೋಮಮ್ಮ ಬದುಕಿರುವ ತನಕ ಕ್ರಿಸ್‌ಮಸ್ಸಿಗೆ ನಮ್ಮಲ್ಲಿಗೆ ಬರುತ್ತಿದ್ದಳು. ಕರ್ತನ ಭೋಜನಕ್ಕೆ ಮುಂದೆ ಬರುತ್ತಿರಲಿಲ್ಲ. ಹಿಂದೆ ಕೂತು ನಮಗಿಂತ ಜೋರಾಗಿ ಹಾಡುತ್ತಿದ್ದಳು.

ಈಗ ನಾನು ಹೋಗುವ ದೇವಾಲಯಕ್ಕೆ ಸಿಮೆಂಟಿನ ಮಾಡು, ತಲೆಯ ಮೇಲೆ ಫ್ಯಾನು. ಮುಂದೆ ಬಂದವರಿಗೆಲ್ಲ ರೊಟ್ಟಿ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಯಾರಿಗೂ ಅವಮಾನವಿಲ್ಲ, ಅದು ಒಳ್ಳೆಯದೇ ಇರಬಹುದು. ಆದರೆ ಕೋಪಿಸಿಕೊಂಡವರ ಮನೆಗೆ ಹಿಂದೆಯೇ ನಡೆದು ಬಂದು, ಅವರ ಕೈಯಲ್ಲೇ ಮುದ್ದೆ ಕೇಳಿ ತಿನ್ನುವ ಪಾದ್ರಿಯನ್ನು ಆಮೇಲೆ ನಾನು ಕಂಡಿಲ್ಲ. ಈಗ ಬಂದಿರುವ ಪಾದ್ರಿ ಇನ್ನೂ ಹುಡುಗ. ಕಲಿತಾನು. ನನಗೇನೂ ಅವಸರವಿಲ್ಲ.